ಹೊಲಿಗೆ ಕ್ಲಾಸಿನ ಕೋಣೆ

ಸರ್ಕಾರಿ ದವಾಖಾನೆಯ ಒಂಬತ್ತನೇ ಖೋಲಿಯ ಹೊರಗೆ
ಗೋಡೆಗೆ ಅಂಟಿಸಿದ ಚೀಟಿ.
ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ,
ಕೊನೆಯ ಎರಡಂಕಿ ಬೆವರಿಗೆ ಕರಗಿದವು.
ಮರುದಿನ ಮತ್ತೆ ಹೋದೆ. ಈ ಸಲ
ತೊಗರಿ ತೂಕದ ಪಟ್ಟಿಯ ಹಿಂಬದಿಗೆ.

ಫೋನಿನಲ್ಲಿ ಅವಸರವಿಲ್ಲದ ದನಿ:
"ಶಹಾಬಜಾರ್ ನಾಕಾ ದಾಟ್ರಿ, ಹಿಟ್ಟಿನ ಗಿರಣಿ ಬರ್ತದ,
ಅದರ ಬಾಜೂಕ ಕಬ್ಬಿಣದ ಜೀನಾ. ಮಂಗಳವಾರ, ಏಳಕ್ಕ.
ಬೋರ್ಡಿಲ್ರಿ. ಹೊಲಿಗಿ ಕ್ಲಾಸ್ ಎಲ್ಲಿ ಅಂತ ಕೇಳ್ರಿ."

ಮೊದಲ ಮಂಗಳವಾರ ಕೇಳಿದೆ.
ಗಿರಣಿಯವ ಹಿಟ್ಟು ಮೆತ್ತಿದ ಹುಬ್ಬೇರಿಸಿದ:
"ಯಾರ ಸಲುವಾಗಿ? ಮಗಳಿಗೇನ್ರಿ?"
ಹೌದೆಂದೆ.
ಜೀನಾದ ಬುಡದ ತನಕ ಹೋಗಿ
ಚಪ್ಪಲಿಯ ಉಂಗುಟ ಸರಿಮಾಡಿಕೊಂಡು ತಿರುಗಿದೆ.
ತಿರುಗಿದ ದಾರಿಯಲ್ಲೇ ಇತ್ತು
ಹಸಿರು ಬಲ್ಬಿನ ಬಾಗಿಲು. ಅದಕ್ಕೆ
ಯಾರನ್ನೂ ವಿಳಾಸ ಕೇಳಬೇಕಿಲ್ಲ.

ಎರಡನೇ ಮಂಗಳವಾರದ ಮಾತು ಬೇಡ.

ಮೂರನೆಯದಕ್ಕೆ, ಹದಿನೇಳು ಮೆಟ್ಟಿಲು.
ಎಣಿಸುವುದು ನನ್ನ ಕಸುಬು:
ಗಂಜಿನ ಕಾಟಾದ ಮುಂದೆ ಇಪ್ಪತ್ತೆರಡು ವರ್ಷ,
ಚೀಲಕ್ಕೆಷ್ಟು ಕಳೆಯಬೇಕು, ಮಣ್ಣಿಗೆಷ್ಟು, ಹಸಿಗೆಷ್ಟು,
ಎಲ್ಲರದೂ ಗೊತ್ತಿತ್ತು ನನಗೆ, ನನ್ನದೊಂದು ಬಿಟ್ಟು.

ಒಳಗೆ ಮುಸುಕು ಹೊದ್ದ ಐದು ಹೊಲಿಗೆ ಯಂತ್ರ,
ಫರಸಿಯ ಮೇಲೆ ದಾರದ ತುಣುಕು,
ಗೋಡೆಯಲ್ಲಿ ಕುಪ್ಪಸದ ತೋಳಿನ ನಕ್ಷೆ.
ಆರು ಜನ. ಮೂಲೆಯಲ್ಲಿ ಚಹಾ ಸೋಸುತ್ತಿದ್ದವ
ತಲೆ ಎತ್ತಿದ. ಲಾಡ್ಲೆಸಾಬ!
ಸ್ಟೇಶನ್ ರಸ್ತೆಯ ಬಾರಿನಲ್ಲಿ ಎಂಟು ವರ್ಷ
ನಾನು ಬಾಯಿ ತೆರೆಯುವ ಮೊದಲೇ
ಕ್ವಾರ್ಟರ್, ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ ತಂದಿಟ್ಟವನು.
ಅವನ ಮನೆ ಯಾವ ಗಲ್ಲಿಯೆಂದು
ಒಮ್ಮೆಯೂ ನಾನು ಕೇಳಿರಲಿಲ್ಲ.
(ಲಾಡ್ಲೆಸಾಬ ಎನ್ನುವುದು ಅವನ ಹೆಸರಲ್ಲ,
ಇಲ್ಲಿಗಾಗಿ ನಾನಿಟ್ಟದ್ದು.)

"ಬರ್ರಿ ಸಾವ್ಕಾರ್ರೆ," ಎಂದ, ಹಳೇ ರೂಢಿ.
ನಾಲಿಗೆ ಕಚ್ಚಿಕೊಂಡ. "ಬರ್ರಿ. ಇಲ್ಲಿ ಬರೇ ಹೆಸರು."
ಗ್ಲಾಸು ತುಂಬಿಸಲಿಲ್ಲ, ಅರ್ಧಕ್ಕೆ ನಿಲ್ಲಿಸಿದ.
ಮೊದಲ ದಿನದ ಕೈ ಹೇಗಿರುತ್ತದೆಂದು
ಅವನಿಗೆ ಗೊತ್ತು.

ಅವರು ಹೇಳಿದ್ದನ್ನು ಬರೆಯುವುದಿಲ್ಲ. ಅಲ್ಲಿಯದು ಅಲ್ಲೇ.
ಒಂದನ್ನು ಮಾತ್ರ, ಪರವಾನಗಿ ಕೇಳಿದ್ದೇನೆ:
ಬಸ್ ಸ್ಟ್ಯಾಂಡ್ ಗುಡಿಸುವ ಕಾಶಮ್ಮ, ಸೆರಗಿನ ತುದಿ ತಿರುವುತ್ತ,
"ಮಗನ ಲಗ್ನದಾಗ ನಾ ಎಲ್ಲಿ ಕುಂತಿದ್ದೆ ಅಂತ
ಫೋಟೋ ನೋಡಿ ತಿಳಕೊಂಡೀನ್ರಿ."
ಯಾರೂ ಛೇ ಅನ್ನಲಿಲ್ಲ. ಒಬ್ಬ ಬಿಸ್ಕಿಟಿನ ಪುಡಾ ಮುಂದೆ ಸರಿಸಿದ.

ನನ್ನ ಸರದಿ.
ನಾನು ಧೂಳಪ್ಪ, ಎಂದೆ.
ಮುಂದಿನ ಪದ ಮೇಲೇಳಲಿಲ್ಲ.
ನೂರು ಕಿಲೋ ಚೀಲ ಎತ್ತಿ ಎಸೆಯುವ ಹಮಾಲರನ್ನು
ದಿನಾ ನೋಡುತ್ತೇನೆ, ಮೂರಕ್ಷರ ನನಗೆ ಏಳಲಿಲ್ಲ.
ಅಷ್ಟರಲ್ಲಿ ಕೆಳಗೆ ಗಿರಣಿ ನಿಂತಿತು,
ಫ್ಯಾನು ನಿಂತಿತು, ಶಹಾಬಜಾರಿಗೆ ಶಹಾಬಜಾರೇ ಕತ್ತಲು.
ಆಗ ಹೇಳಿದೆ.
ಕರೆಂಟು ಬಂದಾಗ
ಲಾಡ್ಲೆಸಾಬ ಗ್ಲಾಸು ತೊಳೆಯುತ್ತಿದ್ದ,
ಕಾಶಮ್ಮ ಚಪ್ಪಲಿ ಹುಡುಕುತ್ತಿದ್ದಳು.

ಮನೆಯಲ್ಲಿ ಮಹಾನಂದಾ ಬಾಗಿಲಲ್ಲೇ ತಡೆದು
ಎಂದಿನಂತೆ ಬಾಯಿಯ ಹತ್ತಿರ ಮೂಗು ತಂದಳು. ಚಹಾ.
ಮತ್ತೊಮ್ಮೆ ಮೂಸಿದಳು.
ಆಮೇಲೆ ಬಗ್ಗಿ ಪ್ಯಾಂಟಿನ ಅಂಚಿನಿಂದ
ಒಂದೆಳೆ ನೀಲಿ ದಾರ ಕಿತ್ತು, "ಇದೆಲ್ಲಿದು?"
"ಹೊಲಿಗಿ ಕ್ಲಾಸಿಗೆ ಹೋಗಿದ್ದೆ."
ನಂಬಲಿಲ್ಲ. ದಾರವನ್ನು ಬಿಸಾಡಲೂ ಇಲ್ಲ,
ಕ್ಯಾಲೆಂಡರಿನ ಮೊಳೆಗೆ ಸುತ್ತಿದಳು.

ಈಗ ಆ ಮೊಳೆಗೆ ಹನ್ನೊಂದು ದಾರ,
ಬೇರೆ ಬೇರೆ ಬಣ್ಣ, ಯಾವ ಹುಡುಗಿ ಆ ವಾರ ಏನು ಹೊಲಿದಳೋ.
ನಡುವೆ ಎರಡು ಮಂಗಳವಾರದ ದಾರವಿಲ್ಲ.
ಅವಳು ಕೇಳಿಲ್ಲ.
ನಾನು ಎಣಿಸುತ್ತೇನೆ.